ಕ್ರೀಡಾ ವಿಜ್ಞಾನದ ಓದು, ನಡುವೆ ಸಂಬಳದ ಕೆಲಸ: ಕೆನಡಾದ ಕೋ-ಆಪ್ ಅನ್ನು ಅಳೆದು ನೋಡುವುದು ಹೇಗೆ?

ಕೆನಡಾದಲ್ಲಿ ಕ್ರೀಡಾ ವಿಜ್ಞಾನ ಓದಬೇಕೆನ್ನುವ ವಿದ್ಯಾರ್ಥಿಗಳಿಗೂ ಖರ್ಚು ಹೊರುವ ಹೆತ್ತವರಿಗೂ ಕೋರ್ಸುಗಳ ವಿವರದಲ್ಲಿ ‘ಕೋ-ಆಪ್’ ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಕೆಲವು ತಿಂಗಳು ತರಗತಿ, ಆಮೇಲೆ ಅದೇ ವಿಷಯಕ್ಕೆ ಹೊಂದುವ ಸಂಬಳದ ಪೂರ್ಣಾವಧಿ ಕೆಲಸ, ಮತ್ತೆ ತರಗತಿ, ಮತ್ತೆ ಕೆಲಸ. ಹೀಗೆ ಹೆಣೆದ ಓದಿಗೆ ಆ ಹೆಸರು. ‘ಓದುತ್ತಲೇ ಗಳಿಸಿ’ ಎಂದು ಇದನ್ನು ಮಾರುವವರಿದ್ದಾರೆ. ಆ ಸಂಬಳದಲ್ಲೇ ಫೀಸು ಕಟ್ಟಿಬಿಡಬಹುದು ಎಂದು ನಂಬಿ ಹೊರಟವರ ಲೆಕ್ಕ ಮಾತ್ರ ಖಂಡಿತ ತಪ್ಪುತ್ತದೆ. ಹಾಗಾದರೆ ಸಂಬಳಕ್ಕೆ ಮಹತ್ವವೇ ಇಲ್ಲವೇ? ಬಹಳ ಇದೆ. ಗಂಟೆಗೆ ಇಷ್ಟೆಂದು ಕೊಡಬೇಕಾದ ಸಂಸ್ಥೆ ವಿದ್ಯಾರ್ಥಿಯನ್ನು ಸುಮ್ಮನೆ ಕೂರಿಸುವುದಿಲ್ಲ. ಉಪಯೋಗಕ್ಕೆ ಬರುವ ಕೆಲಸ ಕೊಡುತ್ತದೆ, ಕೊಟ್ಟ ಕೆಲಸವನ್ನು ಪರೀಕ್ಷಿಸುತ್ತದೆ, ತಪ್ಪಿದರೆ ತಿದ್ದುತ್ತದೆ. ಕ್ರೀಡಾ ವಿಜ್ಞಾನದ ವಿದ್ಯಾರ್ಥಿಗೆ ಸಂಬಳವೆಂದರೆ ಮೊದಲಿಗೆ ಕಲಿಕೆಯ ಗುಣಮಟ್ಟಕ್ಕೆ ಸಿಗುವ ಖಾತರಿ, ಆಮೇಲಷ್ಟೇ ಆದಾಯ. ಕೋರ್ಸ್ ಆರಿಸುವಾಗಲೂ ಕೆಲಸ ಆರಿಸುವಾಗಲೂ ಈ ಕ್ರಮ ಅದಲುಬದಲಾಗದಂತೆ ನೋಡಿಕೊಂಡರೆ ಉಳಿದ ತೀರ್ಮಾನಗಳು ಸುಲಭವಾಗುತ್ತವೆ.

ಪದ್ಧತಿ ಬಂದದ್ದು ಎಲ್ಲಿಂದ?

ಈ ಪದ್ಧತಿ ಹುಟ್ಟಿದ್ದು ಕಾರ್ಖಾನೆಗಳ ಪಕ್ಕದಲ್ಲಿ. 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ 27 ಎಂಜಿನಿಯರಿಂಗ್ ವಿದ್ಯಾರ್ಥಿಗಳೊಂದಿಗೆ ಇದನ್ನು ಆರಂಭಿಸಿದರು. ಅವರ ವಿದ್ಯಾರ್ಥಿಗಳು ತರಗತಿಗೂ ಊರಿನ ಉದ್ಯಮಗಳಿಗೂ ಸರದಿಯಂತೆ ಓಡಾಡಿದರು. ಕೆನಡಾಕ್ಕೆ ಇದನ್ನು ದೊಡ್ಡ ಪ್ರಮಾಣದಲ್ಲಿ ತಂದದ್ದು ಒಂಟಾರಿಯೊ ಪ್ರಾಂತ್ಯದ ವಾಟರ್‌ಲೂ ವಿಶ್ವವಿದ್ಯಾಲಯ, 1957ರಲ್ಲಿ. ಅಲ್ಲಿಯೂ ಮೊದಲಿಗರು ಎಂಜಿನಿಯರಿಂಗ್‌ನವರೇ. ಅದೇ ವಾಟರ್‌ಲೂನಲ್ಲಿ 1967ರಲ್ಲಿ ಕಿನಿಸಿಯಾಲಜಿ ವಿಭಾಗ ತೆರೆಯಿತು. ದೇಹದ ಚಲನೆಯ ಶಾಸ್ತ್ರಕ್ಕೆಂದೇ ಆ ಹೆಸರಿನಲ್ಲಿ ಆರಂಭವಾದ ಜಗತ್ತಿನ ಮೊದಲ ವಿಭಾಗ ಎಂದು ಅದಕ್ಕೆ ಹೆಸರಿದೆ. ಇಲ್ಲಿ ಅರ್ಜಿದಾರರಿಗೆ ಉಪಯುಕ್ತವಾದ ಒಂದು ಸಂಗತಿಯಿದೆ. ಕೆನಡಾದಲ್ಲಿ ಕ್ರೀಡಾ ವಿಜ್ಞಾನ ಹೆಚ್ಚಾಗಿ ಕಿನಿಸಿಯಾಲಜಿ, ಹ್ಯೂಮನ್ ಕೈನೆಟಿಕ್ಸ್, ಎಕ್ಸರ್‌ಸೈಜ್ ಸೈನ್ಸ್ ಎಂಬ ಹೆಸರುಗಳಲ್ಲಿ ಅಡಗಿರುತ್ತದೆ. ‘ಸ್ಪೋರ್ಟ್ ಸೈನ್ಸ್’ ಎಂದಷ್ಟೇ ಹುಡುಕಿದವರ ಕಣ್ಣಿಗೆ ಒಳ್ಳೆಯ ಕೋರ್ಸುಗಳಲ್ಲಿ ಅನೇಕವು ಬೀಳುವುದೇ ಇಲ್ಲ.

ಕಾಲೇಜು ‘ಕೋ-ಆಪ್’ ಎಂದು ಬರೆದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಕೆನಡಾದಲ್ಲಿ ಇಂಥ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಘಟನೆ ಸಿವಿಲ್ ಕೆನಡಾ (CEWIL Canada). ಅದರ ಮಾನದಂಡದ ಪ್ರಕಾರ ಕೋ-ಆಪ್ ಅವಧಿಯ ಕೆಲಸಕ್ಕೆ ಸಂಬಳ ಇರಬೇಕು. ಒಂದು ಅವಧಿ ಕನಿಷ್ಠ 12 ವಾರ ಅಥವಾ 420 ಗಂಟೆಯದಾಗಿರಬೇಕು. ಎರಡು ವರ್ಷಕ್ಕಿಂತ ದೀರ್ಘವಾದ ಕೋರ್ಸಿನಲ್ಲಿ ಕೆಲಸದ ಕಾಲ ಓದಿನ ಕಾಲದ ಶೇ 30ಕ್ಕೆ ಕಡಿಮೆಯಾಗಬಾರದು, ಎರಡು ವರ್ಷ ಅಥವಾ ಅದಕ್ಕಿಂತ ಚಿಕ್ಕ ಕೋರ್ಸಿನಲ್ಲಿ ಶೇ 25ಕ್ಕೆ. ಇದೇ ಕಾಲೇಜುಗಳಲ್ಲಿ ‘ಪ್ರಾಕ್ಟಿಕಮ್’, ‘ಫೀಲ್ಡ್ ಪ್ಲೇಸ್‌ಮೆಂಟ್’ ಎಂಬ ಹೆಸರಿನ ವ್ಯವಸ್ಥೆಗಳೂ ಇರುತ್ತವೆ. ಅವು ಸಾಮಾನ್ಯವಾಗಿ ಸಂಬಳವಿಲ್ಲದವು, ವಾರಕ್ಕೆ ಕೆಲವೇ ಗಂಟೆಗಳವು. ಅವನ್ನು ಕೀಳೆನ್ನಬೇಕಿಲ್ಲ, ಆದರೆ ಕೋ-ಆಪ್ ಎಂದು ತಿಳಿದು ಹಣ ಕಟ್ಟುವುದೂ ಬೇಡ.

ಬಿಟ್ಟಿ ದುಡಿಮೆ ಈ ಕ್ಷೇತ್ರದ ಹಳೆಯ ರೋಗ

ಸಂಬಳದ ಮಾತಿಗೆ ಇಷ್ಟು ಒತ್ತು ಕೊಡಬೇಕಾಗಿರುವುದಕ್ಕೆ ಕ್ರೀಡೆಯ ಸ್ವಭಾವವೇ ಕಾರಣ. ಹೆಸರಾಂತ ತಂಡದ ಜರ್ಸಿ ತೊಟ್ಟು ಮೈದಾನದ ಅಂಚಿನಲ್ಲಿ ನಿಲ್ಲಲು ಯುವಕರು ಸಾಲುಗಟ್ಟುತ್ತಾರೆ. ಸಾಲು ಉದ್ದವಾದಷ್ಟೂ ದುಡ್ಡು ಕೊಡುವ ಒತ್ತಡ ಕಡಿಮೆಯಾಗುತ್ತದೆ. ಪುಕ್ಕಟೆ ಬಂದವನಿಗೆ ಏನು ಕಲಿಸಬೇಕು ಎಂದು ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಕೋನ್ ಜೋಡಿಸುವುದು, ನೀರಿನ ಬಾಟಲಿ ತುಂಬುವುದು, ಟವೆಲ್ ಹಂಚುವುದು, ಇಷ್ಟರಲ್ಲೇ ನಾಲ್ಕು ತಿಂಗಳು ಕಳೆದುಹೋಗಬಹುದು. ಇದರ ಇನ್ನೊಂದು ಮುಖ ಇನ್ನೂ ಕಹಿ. ಸಂಬಳವಿಲ್ಲದೆ ನಾಲ್ಕು ತಿಂಗಳು ದುಡಿಯಲು ಮನೆಯಿಂದ ಬಾಡಿಗೆ ಬರುವವರಿಗೆ ಮಾತ್ರ ಸಾಧ್ಯ. ಹೀಗಾಗಿ ಪ್ರತಿಭೆಗಿಂತ ಮೊದಲು ಅಪ್ಪನ ಜೇಬು ಆಯ್ಕೆಯ ಕೆಲಸ ಮಾಡಿಬಿಡುತ್ತದೆ.

ಅಮೆರಿಕದ ಕಾಲೇಜುಗಳು ಮತ್ತು ಉದ್ಯೋಗದಾತರ ರಾಷ್ಟ್ರೀಯ ಸಂಘದ ಸಮೀಕ್ಷೆಗಳಲ್ಲಿ, ಸಂಬಳದ ಇಂಟರ್ನ್‌ಶಿಪ್ ಮಾಡಿದವರಿಗೆ ಸಂಬಳವಿಲ್ಲದೆ ಮಾಡಿದವರಿಗಿಂತ ಸರಾಸರಿಯಲ್ಲಿ ಹೆಚ್ಚು ಉದ್ಯೋಗದ ಕರೆಗಳು ಬಂದಿರುವುದು ಕಾಣುತ್ತದೆ. ಇದನ್ನು ಓದುವಾಗ ಎಚ್ಚರ ಬೇಕು. ಸಂಬಳ ಕೊಟ್ಟದ್ದರಿಂದಲೇ ಕೆಲಸ ಸಿಕ್ಕಿತು ಎನ್ನಲಾಗದು. ಸಂಬಳ ಕೊಡಬಲ್ಲ ಸಂಸ್ಥೆಗಳಲ್ಲೇ ಖಾಲಿ ಹುದ್ದೆಗಳೂ ಇರುತ್ತವೆ, ಚುರುಕಾದ ವಿದ್ಯಾರ್ಥಿಗಳೇ ಅಂಥ ಕಡೆ ಆಯ್ಕೆಯಾಗುತ್ತಾರೆ ಎಂದು ವಾದಿಸಬಹುದು. ಆ ವಾದ ನಿಜವೆಂದೇ ಇಟ್ಟುಕೊಳ್ಳೋಣ. ಆಗಲೂ ವಿದ್ಯಾರ್ಥಿ ತೆಗೆದುಕೊಳ್ಳಬೇಕಾದ ತೀರ್ಮಾನ ಬದಲಾಗದು. ಹುದ್ದೆಗಳಿರುವ ಸಂಸ್ಥೆಯನ್ನು ಗುರುತಿಸಲು ಸಂಬಳವೇ ಸುಲಭದ ಚಿಹ್ನೆ ಎಂದಮೇಲೆ ಅದನ್ನೇ ಹಿಡಿದು ಹೊರಡುವುದು ಜಾಣತನ. ಕಾನೂನಿನ ಮೇಲೆ ಮಾತ್ರ ಭಾರ ಹಾಕಿ ಕೂರುವಂತಿಲ್ಲ. ಕೆನಡಾದ ಕೇಂದ್ರ ಕಾರ್ಮಿಕ ಕಾನೂನು 2020ರ ಸೆಪ್ಟೆಂಬರ್‌ನಿಂದ ಸಂಬಳವಿಲ್ಲದ ಇಂಟರ್ನ್‌ಶಿಪ್‌ಗೆ ತಡೆ ಹಾಕಿದೆ, ಆದರೆ ಶಿಕ್ಷಣದ ಭಾಗವಾಗಿರುವ ಕೆಲಸವನ್ನು ಅದರಿಂದ ಹೊರಗಿಟ್ಟಿದೆ. ಅಂದರೆ ವಿದ್ಯಾರ್ಥಿಗೆ ಸಂಬಳ ಸಿಗುವುದು ಬಹುಮಟ್ಟಿಗೆ ಕೋರ್ಸಿನ ನಿಯಮದಿಂದ. ಸೇರುವ ಮೊದಲೇ ಕೋರ್ಸಿನ ನಿಯಮವನ್ನು ಓದಿಕೊಳ್ಳಬೇಕಾದದ್ದು ಅದಕ್ಕೇ.

ಕೆಲಸ ಸಿಗುವುದು ಎಲ್ಲಿ?

ಕ್ರೀಡಾ ವಿಜ್ಞಾನವೆಂದರೆ ಒಲಿಂಪಿಕ್ ಓಟಗಾರರ ಎದೆಗೆ ಜಿಪಿಎಸ್ ಕಟ್ಟಿ ಲೆಕ್ಕ ಹಾಕುವುದು ಎಂಬ ಕಲ್ಪನೆ ವ್ಯಾಪಕವಾಗಿದೆ. ಅಂಥ ಕೆಲಸಗಳು ಇವೆ. ಆಲ್ಬರ್ಟಾ, ಒಂಟಾರಿಯೊ ಮತ್ತು ಪೆಸಿಫಿಕ್ ಭಾಗಗಳ ಕೆನಡಿಯನ್ ಸ್ಪೋರ್ಟ್ ಇನ್‌ಸ್ಟಿಟ್ಯೂಟ್‌ಗಳಲ್ಲಿ ಆಟಗಾರರ ರಕ್ತದ ಲ್ಯಾಕ್ಟೇಟ್ ಅಳೆಯುವುದು, ಫೋರ್ಸ್ ಪ್ಲೇಟ್ ಮೇಲೆ ಜಿಗಿತ ಪರೀಕ್ಷಿಸುವುದು, ತರಬೇತಿಯ ಹೊರೆಯ ದಾಖಲೆ ಇಡುವುದು ದಿನನಿತ್ಯದ ಕೆಲಸ. ಆದರೆ ಅಲ್ಲಿನ ಜಾಗಗಳು ಕೆಲವೇ, ಕಣ್ಣಿಟ್ಟವರು ಬಹಳ. ಸಂಬಳದ ಜಾಗಗಳು ಬೇರೆ ಕಡೆ ಹರಡಿಕೊಂಡಿವೆ: ಕಾರ್ಖಾನೆಗಳಲ್ಲಿ ಕಾರ್ಮಿಕರು ಎಷ್ಟು ಸಲ ಬಾಗುತ್ತಾರೆ, ಎಷ್ಟು ಭಾರ ಎತ್ತುತ್ತಾರೆ ಎಂದು ಅಳೆದು ಬೆನ್ನುನೋವು ತಪ್ಪಿಸುವ ಎರ್ಗೊನಾಮಿಕ್ಸ್ ವಿಭಾಗಗಳು, ಹೃದಯಾಘಾತದಿಂದ ಚೇತರಿಸಿಕೊಳ್ಳುವವರಿಗೆ ವ್ಯಾಯಾಮ ಮಾಡಿಸುವ ಆಸ್ಪತ್ರೆಯ ಘಟಕಗಳು, ವಯಸ್ಸಾದವರು ಬೀಳದಂತೆ ಸಮತೋಲನದ ತರಗತಿ ನಡೆಸುವ ನಗರಾಡಳಿತದ ಕ್ರೀಡಾ ಕೇಂದ್ರಗಳು, ಫಿಸಿಯೊಥೆರಪಿ ಕ್ಲಿನಿಕ್‌ಗಳು, ವಿಶ್ವವಿದ್ಯಾಲಯದ ಪ್ರಯೋಗಾಲಯಗಳು.

ಇಲ್ಲೊಂದು ಆಕ್ಷೇಪ ಏಳುತ್ತದೆ. ಸಂಬಳವನ್ನೇ ನೋಡಿದರೆ ಕ್ರಿಕೆಟ್, ಹಾಕಿ ಎಂದು ಬಂದ ಹುಡುಗ ಕಾರ್ಖಾನೆಯ ಬೆನ್ನುನೋವಿನ ಕಡೆ ತಿರುಗುವುದಿಲ್ಲವೇ, ಹಣ ಅವನ ಆಸಕ್ತಿಯನ್ನು ಕೆಡಿಸಿದಂತಾಗುವುದಿಲ್ಲವೇ ಎಂದು. ಹಣ ಇಲ್ಲಿ ಕೊಡುತ್ತಿರುವುದು ಸುಳಿವು. ಯಾವ ಕಡೆ ಉದ್ಯೋಗವಿದೆ, ಯಾವ ಕಡೆ ಬರೀ ಆಕರ್ಷಣೆಯಿದೆ ಎಂಬುದು ಪದವಿ ಮುಗಿದ ಮೇಲೆ ತಿಳಿಯುವುದಕ್ಕಿಂತ ಎರಡನೆಯ ವರ್ಷದಲ್ಲೇ ತಿಳಿಯುವುದು ಒಳ್ಳೆಯದು. ಕಾರ್ಖಾನೆಯಲ್ಲಿ ಚಲನೆಯನ್ನು ಅಳೆಯುವ ವಿದ್ಯೆಯೂ ಮೈದಾನದಲ್ಲಿ ಅಳೆಯುವ ವಿದ್ಯೆಯೂ ಮೂಲತಃ ಒಂದೇ. ಒಂದು ಅವಧಿ ಅಲ್ಲಿ, ಇನ್ನೊಂದು ಅವಧಿ ತಂಡವೊಂದರ ಜೊತೆ ಎಂದು ಹಂಚಿಕೊಳ್ಳಲು ಕೋ-ಆಪ್ ಅವಕಾಶ ಕೊಡುತ್ತದೆ.

ಚಿಕ್ಕ ಕ್ಲಬ್‌ಗಳಿಗೆ ಸಂಬಳ ಕೊಡುವ ಶಕ್ತಿ ಎಲ್ಲಿದೆ ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಹುರುಳಿದೆ, ಕೆನಡಾ ಸರ್ಕಾರ ಇದಕ್ಕೆ ಉತ್ತರವನ್ನೂ ಹುಡುಕಿದೆ. 2017ರಲ್ಲಿ ಆರಂಭವಾದ ಸ್ಟೂಡೆಂಟ್ ವರ್ಕ್ ಪ್ಲೇಸ್‌ಮೆಂಟ್ ಪ್ರೋಗ್ರಾಂ ಅಡಿಯಲ್ಲಿ ವಿದ್ಯಾರ್ಥಿಯ ಸಂಬಳದ ಅರ್ಧದಷ್ಟನ್ನು, 5,000 ಡಾಲರ್ ಮಿತಿಯೊಳಗೆ, ಉದ್ಯೋಗದಾತರಿಗೆ ಮರಳಿಸುವ ವ್ಯವಸ್ಥೆ ಬಂತು. ಕಡಿಮೆ ಪ್ರಾತಿನಿಧ್ಯವಿರುವ ಕೆಲವು ಗುಂಪುಗಳ ವಿದ್ಯಾರ್ಥಿಗಳಿಗೆ ಇದು ಶೇ 70ರವರೆಗೆ, 7,000 ಡಾಲರ್ ಮಿತಿಯವರೆಗೆ ಏರುತ್ತದೆ. ಒಂಟಾರಿಯೊದಲ್ಲಿ ಕಂಪನಿಗಳಿಗೆ ಪ್ರತಿ ಕೋ-ಆಪ್ ಕೆಲಸದ ಅವಧಿಯ ಲೆಕ್ಕದಲ್ಲಿ 3,000 ಡಾಲರ್‌ವರೆಗೆ ತೆರಿಗೆ ರಿಯಾಯಿತಿಯೂ ಇದೆ. ಆದರೆ ನಮ್ಮ ವಿದ್ಯಾರ್ಥಿಗಳು ತಿಳಿದಿರಲೇಬೇಕಾದ ವಿಷಯವೊಂದಿದೆ: ಆ ಕೇಂದ್ರ ಸಬ್ಸಿಡಿ ಕೆನಡಾದ ಪ್ರಜೆಗಳು, ಕಾಯಂ ನಿವಾಸಿಗಳು ಮತ್ತು ಆಶ್ರಯ ಪಡೆದವರಿಗೆ ಮಾತ್ರ ಅನ್ವಯಿಸುತ್ತದೆ. ಸಬ್ಸಿಡಿ ನೆಚ್ಚಿಕೊಂಡ ಚಿಕ್ಕ ಕ್ಲಬ್‌ಗೆ ಭಾರತದಿಂದ ಹೋದ ವಿದ್ಯಾರ್ಥಿ ದುಬಾರಿಯಾಗಿ ಕಾಣುತ್ತಾನೆ. ಅದಕ್ಕಾಗಿ ವಿದೇಶಿ ವಿದ್ಯಾರ್ಥಿಗಳು ಸ್ವಂತ ಬಜೆಟ್ಟಿನಲ್ಲಿ ಸಂಬಳ ಕೊಡಬಲ್ಲ ಆಸ್ಪತ್ರೆ, ನಗರಾಡಳಿತ, ದೊಡ್ಡ ಕಾರ್ಖಾನೆ, ಪ್ರಯೋಗಾಲಯಗಳಿಗೆ ಮೊದಲು ಅರ್ಜಿ ಹಾಕುವುದು ಲೇಸು.

ಮೂರನೆಯ ಆಕ್ಷೇಪ ಸುರಕ್ಷತೆಯದು. ಅರ್ಧ ಕಲಿತವರ ಕೈಗೆ ಮನುಷ್ಯರ ದೇಹ ಒಪ್ಪಿಸಬಹುದೇ? ಖಂಡಿತ ಒಪ್ಪಿಸಬಾರದು, ಕೋ-ಆಪ್ ಅದನ್ನು ಬಯಸುವುದೂ ಇಲ್ಲ. ಒಂಟಾರಿಯೊದಲ್ಲಿ 2013ರ ಏಪ್ರಿಲ್‌ನಿಂದ ಕಿನಿಸಿಯಾಲಜಿ ಕಾನೂನಿನ ನಿಯಂತ್ರಣಕ್ಕೆ ಒಳಪಟ್ಟ ವೃತ್ತಿ. ಪದವಿ, ಪರೀಕ್ಷೆ, ನೋಂದಣಿ ಇಲ್ಲದೆ ಕಿನಿಸಿಯಾಲಜಿಸ್ಟ್ ಎಂದು ಕರೆದುಕೊಳ್ಳುವಂತಿಲ್ಲ. ವಿದ್ಯಾರ್ಥಿ ಮಾಡುವುದು ಅಳತೆ, ದಾಖಲೆ, ವ್ಯಾಯಾಮದಲ್ಲಿ ನೆರವು. ಚಿಕಿತ್ಸೆಯ ತೀರ್ಮಾನ ನೋಂದಾಯಿತರದ್ದು. ಫಿಸಿಯೊಥೆರಪಿ, ಅಥ್ಲೆಟಿಕ್ ಥೆರಪಿಯಂಥ ಕಡೆ ರೋಗಿಯ ಮೇಲೆ ಕೈಯಿಟ್ಟು ಕಲಿಯುವ ಕ್ಲಿನಿಕಲ್ ಅವಧಿಗಳು ಬಹುಮಟ್ಟಿಗೆ ಸಂಬಳವಿಲ್ಲದವು, ಅದು ಒಪ್ಪತಕ್ಕದ್ದೇ. ಅಲ್ಲಿ ಪರಿಣತರು ತಮ್ಮ ಸಮಯ ಕೊಟ್ಟು ಕಲಿಸುತ್ತಿರುತ್ತಾರೆ, ದುಡಿಮೆಯ ಲಾಭ ಸಂಸ್ಥೆಗೆ ಹೋಗುವುದು ಕಡಿಮೆ. ಲಾಭ ಯಾರಿಗೆ ಎಂದು ಕೇಳಿದರೆ ಸಂಬಳ ಇರಬೇಕೋ ಬೇಡವೋ ಎಂಬ ಪ್ರಶ್ನೆಗೆ ಹೆಚ್ಚಿನ ಕಡೆ ಉತ್ತರ ಸಿಗುತ್ತದೆ.

ಹಣದ ಲೆಕ್ಕ, ವೀಸಾದ ಲೆಕ್ಕ

2025ರ ಅಕ್ಟೋಬರ್‌ನಲ್ಲಿ ಒಂಟಾರಿಯೊದ ಕನಿಷ್ಠ ವೇತನ ಗಂಟೆಗೆ 17.60 ಡಾಲರ್ ಆಯಿತು. ವಾರಕ್ಕೆ 35 ಗಂಟೆಯಂತೆ 16 ವಾರ ದುಡಿದರೆ ಆ ದರದಲ್ಲಿ ಬರುವುದು 9,856 ಡಾಲರ್, ತೆರಿಗೆ ಮತ್ತಿತರ ಕಡಿತಗಳಿಗೆ ಮೊದಲು. ನಾಲ್ಕು ತಿಂಗಳ ಬಾಡಿಗೆ, ಊಟ, ಬಸ್ಸಿನ ಖರ್ಚು ಕಳೆದರೆ ಕೈಯಲ್ಲಿ ಉಳಿಯುವುದು ಎಷ್ಟೆಂದು ಊಹಿಸಬಹುದು. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ವಿದೇಶಿ ವಿದ್ಯಾರ್ಥಿಯ ವರ್ಷದ ಫೀಸು ಇದರ ಹಲವು ಪಟ್ಟು. ವೀಸಾ ಅಧಿಕಾರಿಗಳೂ ಭವಿಷ್ಯದ ಕೋ-ಆಪ್ ಸಂಬಳವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕ್ವಿಬೆಕ್ ಬಿಟ್ಟು ಉಳಿದ ಕಡೆ ಓದಲು ಹೋಗುವ ಒಬ್ಬ ವಿದ್ಯಾರ್ಥಿ ಫೀಸು ಮತ್ತು ಪ್ರಯಾಣದ ಖರ್ಚಿನ ಮೇಲೆ ವರ್ಷದ ಜೀವನಕ್ಕೆಂದು 22,895 ಡಾಲರ್ ತೋರಿಸಬೇಕೆಂದು 2025ರ ಸೆಪ್ಟೆಂಬರ್ 1ರಿಂದ ನಿಯಮವಾಯಿತು. ಕೋ-ಆಪ್ ಸಂಬಳ ಆ ನಾಲ್ಕು ತಿಂಗಳ ಖರ್ಚನ್ನು ನಿಭಾಯಿಸಿದರೆ ಸಾಕು, ಅಷ್ಟೇ ನಿರೀಕ್ಷೆಯಿಟ್ಟು ಸಾಲದ ಲೆಕ್ಕ ಹಾಕಬೇಕು. ಜೊತೆಗೆ ಅನೇಕ ಕಾಲೇಜುಗಳು ಕೋ-ಆಪ್ ಶುಲ್ಕವೆಂದು ಪ್ರತ್ಯೇಕವಾಗಿ ವಸೂಲಿ ಮಾಡುತ್ತವೆ. ನಾಲ್ಕು ವರ್ಷದ ಪದವಿ ಸುಮಾರು ಐದು ವರ್ಷಕ್ಕೆ ಹಿಗ್ಗುತ್ತದೆ. ಈ ಒಂದು ವರ್ಷ ವ್ಯರ್ಥ ಎನ್ನುವವರು ಇದನ್ನು ಗಮನಿಸಬೇಕು: ಕೋ-ಆಪ್ ಮುಗಿಸಿದವರ ಕೈಯಲ್ಲಿ ಪದವಿಯ ದಿನವೇ ವರ್ಷಕ್ಕೂ ಮೀರಿದ ಅನುಭವ, ಹಲವು ಮೇಲಧಿಕಾರಿಗಳ ಲಿಖಿತ ಮೌಲ್ಯಮಾಪನ ಇರುತ್ತದೆ. ಉಳಿದವರು ಪದವಿಯ ನಂತರ ಅದೇ ಅನುಭವಕ್ಕಾಗಿ ಅಲೆಯಬೇಕಾಗುತ್ತದೆ.

ವೀಸಾದ ವಿಷಯದಲ್ಲಿ ಕಾಲೇಜಿನ ಡಿಪ್ಲೊಮಾಕ್ಕೂ ಪದವಿಗೂ ಇರುವ ವ್ಯತ್ಯಾಸ ದೊಡ್ಡದು. 2024ರ ನವೆಂಬರ್ 1 ಅಥವಾ ಅದರ ನಂತರ ಅಧ್ಯಯನ ಪರವಾನಗಿಗೆ ಅರ್ಜಿ ಹಾಕಿದವರಿಗೆ, ಪದವಿಯಲ್ಲದ ಕೋರ್ಸ್ ಓದಿದ್ದರೆ, ಓದಿನ ನಂತರದ ಕೆಲಸದ ಪರವಾನಗಿ ಸಿಗಬೇಕಾದರೆ ಆ ವಿಷಯ ಸರ್ಕಾರದ ಪಟ್ಟಿಯಲ್ಲಿರಬೇಕು. ಬ್ಯಾಚುಲರ್ ಪದವಿಗೆ ಈ ವಿಷಯದ ಷರತ್ತಿಲ್ಲ. ಫಿಟ್‌ನೆಸ್ ಅಥವಾ ಸ್ಪೋರ್ಟ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಆರಿಸುವವರು ಆ ಕೋರ್ಸಿನ ಸಂಕೇತ ಸಂಖ್ಯೆಯನ್ನು ಕಾಲೇಜಿನಿಂದ ಪಡೆದು, ಪಟ್ಟಿಯೊಂದಿಗೆ ತಾವೇ ತಾಳೆ ನೋಡಬೇಕು. ಏಜೆಂಟರ ಬಾಯಿಮಾತು ಸಾಲದು. ಕೋ-ಆಪ್ ಕೆಲಸವು ಕೋರ್ಸ್ ಮುಗಿಸಲು ಅಗತ್ಯವಾದ ಭಾಗವಾಗಿರಬೇಕು, ಇಡೀ ಕೋರ್ಸಿನ ಅರ್ಧವನ್ನು ಮೀರಬಾರದು ಎಂಬ ನಿಯಮವೂ ಇದೆ. ಈ ನಿಯಮಗಳು ಪದೇ ಪದೇ ಬದಲಾಗುತ್ತವೆ. ಅರ್ಜಿ ಹಾಕುವ ವಾರದಲ್ಲಿ ಕೆನಡಾದ ವಲಸೆ ಇಲಾಖೆಯ ಅಧಿಕೃತ ಮಾಹಿತಿಯನ್ನೇ ಮತ್ತೊಮ್ಮೆ ನೋಡಿ.

ತಯಾರಿ ಹೇಗಿರಬೇಕು?

ಕೋ-ಆಪ್ ಕೋರ್ಸಿಗೆ ಸೇರಿದರೆ ಕೆಲಸ ತಾನಾಗಿ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕಾಲೇಜು ಉದ್ಯೋಗಗಳ ಪಟ್ಟಿ ಒದಗಿಸುತ್ತದೆ, ಸಂದರ್ಶನಕ್ಕೆ ಸಿದ್ಧಗೊಳಿಸುತ್ತದೆ. ಅರ್ಜಿ ಹಾಕಿ ಗೆಲ್ಲಬೇಕಾದದ್ದು ವಿದ್ಯಾರ್ಥಿಯೇ, ಅದೂ ಕೆಲಸ ಆರಂಭವಾಗುವ ಹಿಂದಿನ ಅವಧಿಯಲ್ಲಿ, ತರಗತಿ ಪರೀಕ್ಷೆಗಳ ನಡುವೆಯೇ. ಆದ್ದರಿಂದ ಮೊದಲ ವರ್ಷದಲ್ಲೇ ಕೆಲವು ಕಾಗದಗಳು ಕೈಯಲ್ಲಿರಬೇಕು: ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್ ಪ್ರಮಾಣಪತ್ರ, ಮಕ್ಕಳು ಹಾಗೂ ವೃದ್ಧರೊಂದಿಗೆ ಕೆಲಸ ಮಾಡಲು ಕೇಳುವ ಪೊಲೀಸ್ ಪರಿಶೀಲನಾ ಪತ್ರ. ಎರಡು ವರ್ಷದ ಓದು ಮುಗಿಸಿದವರು ಕೆನಡಿಯನ್ ಸೊಸೈಟಿ ಫಾರ್ ಎಕ್ಸರ್‌ಸೈಜ್ ಫಿಸಿಯಾಲಜಿಯ ಪರ್ಸನಲ್ ಟ್ರೈನರ್ ಪ್ರಮಾಣಪತ್ರಕ್ಕೆ ಪ್ರಯತ್ನಿಸಬಹುದು; ಅದರ ಮೇಲಿನ ಹಂತಕ್ಕೆ ನಾಲ್ಕು ವರ್ಷದ ಪದವಿ ಬೇಕು. ರೆಸ್ಯೂಮೆಯಲ್ಲಿ ಫೋಟೊ, ವಯಸ್ಸು, ತಂದೆಯ ಹೆಸರು, ಮದುವೆಯ ವಿವರ ಬೇಡ. ‘ಕಾಲೇಜು ಕಬಡ್ಡಿ ತಂಡದ ನಾಯಕ’ ಎನ್ನುವುದಕ್ಕಿಂತ ಆ ತಂಡಕ್ಕೆ ವಾರವಾರ ಓಟದ ಪರೀಕ್ಷೆ ನಡೆಸಿ ಎಕ್ಸೆಲ್‌ನಲ್ಲಿ ದಾಖಲೆ ಇಟ್ಟದ್ದನ್ನು ಬರೆದರೆ ಓದುವವರಿಗೆ ನಿಮ್ಮ ಕೈಕೆಲಸ ಕಾಣುತ್ತದೆ. ಕೆಲಸ ಸಿಕ್ಕಿದ ಮೇಲೆ ಮೊದಲ ವಾರದಲ್ಲೇ ಏನು ಕಲಿಯಬೇಕು, ಯಾರು ತಿದ್ದುತ್ತಾರೆ ಎಂದು ಮೇಲಧಿಕಾರಿಯೊಂದಿಗೆ ಬರಹದಲ್ಲಿ ಗೊತ್ತುಮಾಡಿಕೊಳ್ಳಬೇಕು. ಒಪ್ಪಿಕೊಂಡ ಕೆಲಸಕ್ಕೂ ಮಾಡಿಸುವ ಕೆಲಸಕ್ಕೂ ಸಂಬಂಧವಿಲ್ಲವೆನಿಸಿದರೆ ಕಾಲೇಜಿನ ಕೋ-ಆಪ್ ಸಲಹೆಗಾರರಿಗೆ ಕೂಡಲೇ ತಿಳಿಸಬೇಕು; ಆ ಹುದ್ದೆ ಇರುವುದೇ ಅದಕ್ಕೆ.

ನಮ್ಮಲ್ಲಿಯೂ ಸಾಧ್ಯವೇ?

ಇಷ್ಟೆಲ್ಲ ಓದಿದವರು ಇದನ್ನು ಇಲ್ಲೇ ಮಾಡಲಾಗದೇ ಎಂದು ಕೇಳಿದರೆ ಪ್ರಶ್ನೆ ನ್ಯಾಯವಾದದ್ದೇ. ಕೆಲಸದ ಜಾಗಗಳಿಗೆ ಕರ್ನಾಟಕದಲ್ಲಿ ಬರವಿಲ್ಲ: ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರ, ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರ, 2024ರಲ್ಲಿ ಹೊಸ ಜಾಗಕ್ಕೆ ಬಂದ ಬಿಸಿಸಿಐ ಸೆಂಟರ್ ಆಫ್ ಎಕ್ಸಲೆನ್ಸ್, ವಿಜಯನಗರದಲ್ಲಿ 2018ರಿಂದ ನಡೆಯುತ್ತಿರುವ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್, ಇವುಗಳ ಜೊತೆಗೆ ಆಸ್ಪತ್ರೆಗಳು, ಕಾರ್ಖಾನೆಗಳು. ಕಾನೂನಿನ ದಾರಿಯೂ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ 2019ರಲ್ಲಿ ತಿದ್ದಿದ ನಿಯಮಗಳು ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಸ್ಟೈಪೆಂಡ್ ಗೊತ್ತುಮಾಡಿದವು; ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಡಿ ಆ ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ. ಕನಿಷ್ಠ ಒಂದು ಸೆಮಿಸ್ಟರ್ ಅಪ್ರೆಂಟಿಸ್‌ಶಿಪ್ ಇರುವ ಪದವಿಗೆ ಯುಜಿಸಿ 2020ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಕ್ರೀಡಾ ವಿಜ್ಞಾನ ಕಲಿಸುವ ಕಾಲೇಜು ಇವೆರಡನ್ನು ಜೋಡಿಸಿ ಸಂಸ್ಥೆಗಳೊಂದಿಗೆ ಒಪ್ಪಂದ ಮಾಡಿಕೊಂಡರೆ, ಮೊತ್ತ ಚಿಕ್ಕದಾದರೂ, ಕೋ-ಆಪ್‌ನ ತಿರುಳು ಇಲ್ಲಿಯೂ ಸಿಗುತ್ತದೆ. ಮೊತ್ತಕ್ಕಿಂತ ಮುಖ್ಯವಾದದ್ದು, ದುಡಿಸಿಕೊಳ್ಳುವವರು ಹಣ ಕೊಡಲೇಬೇಕು ಎಂಬ ಕಟ್ಟುಪಾಡು.

ಆದ್ದರಿಂದ ಒಂಟಾರಿಯೊ ಇರಲಿ, ಬೆಂಗಳೂರು ಇರಲಿ, ಫೀಸು ಕಟ್ಟುವ ಮೊದಲು ಕಾಲೇಜಿಗೆ ಮೂರು ಪ್ರಶ್ನೆಗಳನ್ನು ಇಮೇಲ್‌ನಲ್ಲಿ ಕಳಿಸಿ. ಕಳೆದ ವರ್ಷ ಈ ವಿಭಾಗದ ಎಷ್ಟು ಮಂದಿ ಕೆಲಸ ಹುಡುಕಿದರು, ಎಷ್ಟು ಮಂದಿಗೆ ಸಿಕ್ಕಿತು? ಸಿಕ್ಕ ಕೆಲಸಗಳು ಯಾವ ಸಂಸ್ಥೆಗಳಲ್ಲಿ, ಗಂಟೆಗೆ ಅಥವಾ ತಿಂಗಳಿಗೆ ಎಷ್ಟಕ್ಕೆ? ಅವರಲ್ಲಿ ವಿದೇಶಿ ಅಥವಾ ಹೊರ ಊರಿನ ವಿದ್ಯಾರ್ಥಿಗಳು ಎಷ್ಟು? ಲೆಕ್ಕ ಇಟ್ಟ ಕಾಲೇಜು ಅಂಕಿಗಳೊಂದಿಗೆ ಉತ್ತರಿಸುತ್ತದೆ. ಉತ್ತರದ ಬದಲು ಬಣ್ಣದ ಕರಪತ್ರ ಬಂದರೆ ಮುಂಗಡ ಕಟ್ಟಬೇಡಿ, ಬೇರೆ ಕಾಲೇಜು ನೋಡಿ.